ನಿಧಾನದ ಗಡಿಯಾರ

ಪ್ಲಮ್ ಹಾಲೋ, ನ್ಯೂಯಾರ್ಕ್
ಮಾರ್ಚ್ 21

ಪ್ರೀತಿಯ ಅಮ್ಮ,

ಇಲ್ಲಿ ಎಲ್ಲರೂ ಕ್ಷೇಮ. ಹಿಮ ಕರಗಿ ಅಂಗಳವೆಲ್ಲ ಕೆಸರು. ಏನಸ್ ದಿನಾ ಒಂದಷ್ಟು ಕೆಸರನ್ನು ಒಳಗೆ ತರುತ್ತಾನೆ, ನಾನು ದಿನಾ ಅಷ್ಟನ್ನೇ ಹೊರಗೆ ಹಾಕುತ್ತೇನೆ. ಎರಡೂವರೆ ವರ್ಷದವನಿಗೆ ಇರುವ ಹುಮ್ಮಸ್ಸು ನನಗಿಲ್ಲ.

ಹೋದ ವಾರ ಬೇಸಿಗೆಯ ಲೆಕ್ಕಕ್ಕೆ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಓಹಾಯೋದ ಆಮಿಶರಾದ ನೀವೂ ತಿರುಗಿಸಿರುತ್ತೀರಿ, ಕಾರು, ಕರೆಂಟು ಮನೆಗೆ ಸೇರಿಸದಿದ್ದರೂ ಗಡಿಯಾರದಲ್ಲಿ ನೀವು ಮುಂದುವರಿದವರು. ನಮ್ಮ ಊರಿನ ಆಮಿಶ್ ಸಭೆಯವರು ಎಂದಿನಂತೆ ಮುಟ್ಟಲಿಲ್ಲ. ಅತ್ತೆ ಗೋಡೆ ಗಡಿಯಾರಕ್ಕೆ ಕಾವಲು ನಿಂತವರ ಹಾಗೆ ನಿಂತು, "ಮೊದಲು ಸೂರ್ಯನಿಗೆ ಹೋಗಿ ಹೇಳಲಿ. ಅವನು ಒಪ್ಪಿದ್ರೆ ನಾನೂ ಒಪ್ತೀನಿ" ಅಂದರು. ಹಾಗಾಗಿ ಅವರು ಮತ್ತೆ ಹಿಂದಕ್ಕೆ ತಿರುಗಿಸುವ ನವೆಂಬರ್ ಬರುವವರೆಗೆ ನಮ್ಮದು ನಿಧಾನದ ಗಡಿಯಾರ, ನಮ್ಮ ಪಂಥದವರಲ್ಲದ ಪೇಟೆಯ ಇಂಗ್ಲಿಷ್ ಜನರದು ಅವಸರದ ಗಡಿಯಾರ. ಅಲ್ಲಿ ಆರು ಹೊಡೆದಾಗ ನಮ್ಮಲ್ಲಿನ್ನೂ ಐದು. ನಿನ್ನ ಅಳಿಯ ಪೆರಿ ಮೊನ್ನೆ ನಮ್ಮ ಗಡಿಯಾರ ನಂಬಿ ಪೇಟೆಗೆ ಹೋಗಿ ಬ್ಯಾಂಕಿನ ಮುಚ್ಚಿದ ಬಾಗಿಲನ್ನು ಚೆನ್ನಾಗಿ ನೋಡಿಕೊಂಡು ಬಂದ. ಮರ ಒಳ್ಳೆಯದಂತೆ, ಕೆತ್ತನೆ ಸಾಲದಂತೆ.

ಇನ್ನೊಂದು ವಿಷಯ. ಸೆಪ್ಟೆಂಬರ್‌ನಲ್ಲಿ ನಿನಗೆ ಇಲ್ಲಿಗೆ ಬರಲು ಬಿಡುವಾಗುತ್ತದೆಯೇ? ಕಾರಣ ಬರೆಯುವುದಿಲ್ಲ. ಇಂಥ ಮಾತನ್ನು ಕಾಗದದ ಮೇಲೆ ಇಡಬಾರದು ಅಂತ ಕಲಿಸಿದವಳು ನೀನೇ.

ನಿನ್ನ ಮಗಳು,
ಸಲೋಮ


ವಾಲ್ನಟ್ ರಿಜ್, ಓಹಾಯೋ
ಮಾರ್ಚ್ 28

ಪ್ರೀತಿಯ ಸಲೂ,

ಗೊತ್ತಾಯಿತು. ನಿಮ್ಮಪ್ಪನಿಗೂ ಗೊತ್ತಾಯಿತು, ಯಾಕೆಂದರೆ ಪತ್ರ ಓದುತ್ತ ಓದುತ್ತ ನಾನು ಕುರ್ಚಿ ಇಲ್ಲದ ಕಡೆ ಕೂತೆ. "ಏನೇ ಓರ್ಫಾ, ಯಾರು ಹೋದ್ರು?" ಅಂದರು. "ಯಾರೂ ಹೋಗಿಲ್ಲ, ಬರ್ತಿದಾರೆ" ಅಂದೆ. ಅವರು ಆಮೇಲೆ ಇಡೀ ಸಂಜೆ ಸಿಳ್ಳೆ ಹಾಕಿಕೊಂಡು ಓಡಾಡಿದರು.

ಬರುತ್ತೇನೆ. ಆಗಸ್ಟ್ ಕೊನೆಗೇ ಬಂದು ಒಂದೂವರೆ ತಿಂಗಳು ಇರುತ್ತೇನೆ. ನಿನ್ನ ಅತ್ತೆ ವಿಲ್ಮಾಗೆ ಈಗಲೇ ಹೇಳಿಡು, ಅವರು ಮನಸ್ಸು ಗಟ್ಟಿ ಮಾಡಿಕೊಳ್ಳಲಿ.

ಈ ಸಲ ಒದ್ದಾಡಿಕೊಂಡು ಕೂರಬೇಡ. ಹೋದ ಸಲ ಹೊಟ್ಟೆ ಕೊಯ್ದೇ ತೆಗೆದದ್ದು, ಈ ಸಲವೂ ಅದೇ ಅಂತ ಮೊದಲೇ ಹೇಳಿ ದಿನ ಗೊತ್ತು ಮಾಡಿಸಿಬಿಡು. ನಾನು ಅದಕ್ಕೆ ಸರಿಯಾಗಿ ಬಸ್ಸು ಹತ್ತುತ್ತೇನೆ. ಉಪ್ಪಿನಕಾಯಿ ಹಾಕಿದ ಬೀಟ್‌ರೂಟ್ ನಾಲ್ಕು ಬಾಟಲಿ ತರುತ್ತೇನೆ, ನಿಮ್ಮ ಕಡೆಯವರು ಅದಕ್ಕೆ ಸಕ್ಕರೆ ಕಮ್ಮಿ ಹಾಕುತ್ತಾರೆ.

ನಿನ್ನ ಅಮ್ಮ,
ಓರ್ಫಾ


ಪ್ಲಮ್ ಹಾಲೋ
ಏಪ್ರಿಲ್ 26

ಪ್ರೀತಿಯ ಅಮ್ಮ,

ನೀನು ಕೂತುಕೊಂಡು ಓದು. ಕುರ್ಚಿ ಇದೆಯೇ ಅಂತ ಮೊದಲು ನೋಡಿಕೋ.

ನಾನು ಈ ಸಲ ಆಪರೇಷನ್ ಮಾಡಿಸಿಕೊಳ್ಳಬಾರದು ಅಂತಿದ್ದೇನೆ. ನೀನು ನಮ್ಮ ಒಂಬತ್ತು ಜನರನ್ನು ಹೆತ್ತ ಹಾಗೆ ನಾನೂ ಹೆರಬೇಕು.

ನಮ್ಮ ಪೇಟೆಯ ಚಿಕ್ಕ ಆಸ್ಪತ್ರೆಯಲ್ಲಿ ಇದನ್ನು ಕೇಳಿದ್ದಕ್ಕೇ ಬೈದರು. "ಒಂದ್ಸಲ ಆಪರೇಷನ್ ಆದವರಿಗೆ ಇಲ್ಲಿ ಮತ್ತೆ ಆಪರೇಷನ್ನೇ. ಏನಾದ್ರೂ ಆದ್ರೆ ತಕ್ಷಣ ಒಳಗೆ ಕರ್ಕೊಂಡು ಹೋಗೋಕೆ ನಮ್ಮಲ್ಲಿ ಜನ ಇಲ್ಲ" ಅಂದರು. ಅವರು ಹೇಳುವುದೂ ನಿಜವೇ. ಆದ್ದರಿಂದ ಪೆರಿ ನಮ್ಮ ಡ್ರೈವರ್ ಗ್ಲೆನ್‌ನ ಕಾರು ಹಿಡಿದು ನನ್ನನ್ನು ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಒಂದು ಗಂಟೆ ದಾರಿ. ಗ್ಲೆನ್ ನಿನಗೆ ನೆನಪಿರಬೇಕು, ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು, ಹೋದ ಸಲ ನೀನು ಬಂದಾಗ ದಾರಿಯುದ್ದಕ್ಕೂ ಬ್ರೇಕ್ ಹಾಕುವುದನ್ನು ಕಲಿಸಿದೆಯಲ್ಲ, ಅವನೇ.

ಅಲ್ಲಿನ ಡಾಕ್ಟರಮ್ಮನ ಹೆಸರು ಫೆನ್ವಿಕ್. ಹಳೆಯ ಕಾಗದವನ್ನೆಲ್ಲ ಓದಿದರು. ಏನಸ್ ಆವತ್ತು ತಲೆ ಮೇಲೆ ಬುಡ ಕೆಳಗೆ ಮಾಡಿಕೊಂಡು ಕೂತದ್ದರಿಂದ ಆಪರೇಷನ್ ಆದದ್ದು, ಈ ಮಗುವೂ ಹಾಗೇ ಕೂರಬೇಕೆಂದಿಲ್ಲ, ಹೊಲಿಗೆಯೂ ಕೆಳಗೆ ಅಡ್ಡಕ್ಕೆ ಹಾಕಿದ್ದು, ಪ್ರಯತ್ನ ಮಾಡಬಹುದು ಅಂದರು. ಆ ಹಳೆ ಗಾಯ ನೋವಿನ ಹೊತ್ತಿಗೆ ಬಿಟ್ಟುಕೊಳ್ಳುವ ಭಯ ಇದ್ದೇ ಇದೆ, ಆದರೆ ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲವಂತೆ.

ಆಮೇಲೆ, "ಒಟ್ಟು ಎಷ್ಟು ಮಕ್ಕಳು ಬೇಕು ಅಂತಿದೀರಿ?" ಅಂದರು.

"ದೇವರು ಕೊಟ್ಟಷ್ಟು" ಅಂದೆ.

ಅವರ ಬೆರಳು ಕಂಪ್ಯೂಟರ್ ಮೇಲೆ ಅಲ್ಲೇ ನಿಂತಿತು. "ಇದರಲ್ಲಿ ಅಂಕಿ ಮಾತ್ರ ಹಾಕೋಕೆ ಬರೋದು ಸಲೋಮ."

ಪೆರಿ ಬಾಗಿಲ ಪಕ್ಕದಿಂದ, "ಹನ್ನೆರಡು ಕುರ್ಚಿ ಇದೆ" ಅಂದ. ಅವನು ಅಲ್ಲಿ ಆಡಿದ್ದು ಅದೊಂದೇ ಮಾತು.

ಅಮ್ಮ, ಆ ಮೇಜು ನಿನಗೆ ಗೊತ್ತಲ್ಲ. ಮದುವೆಗೆ ಮೊದಲೇ ಅವನು ಮಾಡಿಟ್ಟ ಊಟದ ಮೇಜು. ನಾವು ನಾಲ್ಕೇ ಜನ ಅದರ ಒಂದು ತುದಿಯಲ್ಲಿ ಕೂತು ಉಣ್ಣುತ್ತೇವೆ. ಈ ಸಲವೂ ಹೊಟ್ಟೆ ಕೊಯ್ದರೆ ಮುಂದಿನದೂ ಹೆಚ್ಚುಕಮ್ಮಿ ಹಾಗೆಯೇ, ಪ್ರತಿ ಸಲವೂ ಅಪಾಯ ಹೆಚ್ಚುತ್ತಾ ಹೋಗುತ್ತದೆ, ಮೂರೋ ನಾಲ್ಕೋ ಆದ ಮೇಲೆ ಸಾಕು ಅನ್ನಬೇಕಾಗುತ್ತದೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ನನಗೆ ಉಳಿದ ಕುರ್ಚಿಗಳು ಬೇಕು. ಬೇರೆ ಯಾರಿಗೂ ಇದನ್ನು ಹೀಗೆ ಹೇಳಲಾರೆ.

ನಿನ್ನ ಮಗಳು,
ಸಲೋಮ


ವಾಲ್ನಟ್ ರಿಜ್
ಮೇ 3

ಸಲೋಮ,

ಆ ಡಾಕ್ಟರಮ್ಮನಿಗೆ ಎಷ್ಟು ಮಕ್ಕಳು ಅಂತ ನೀನು ತಿರುಗಿ ಕೇಳಬೇಕಿತ್ತು.

ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲವಂತೆ! ಆ ಒಬ್ಬಳು ಯಾರದೋ ಮಗಳಲ್ಲವೇ? ನಮ್ಮ ಸಭೆಯಲ್ಲಿ ಹೆಂಗಸರೇ ನೂರು ಜನ ಇಲ್ಲ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ನಾನು ಬೆಂಚುಗಳನ್ನು ನೋಡುತ್ತಾ ಎಣಿಸಿದೆ. ದೇವರು ಕ್ಷಮಿಸಲಿ, ಹಾಡು ತಪ್ಪಿತು.

ಕುರ್ಚಿ ತುಂಬಿಸಬೇಕಾದರೆ ನೆಂಟರನ್ನು ಕರೆಯಿರಿ. ನಾನೇ ಬಂದು ಎರಡರಲ್ಲಿ ಕೂರುತ್ತೇನೆ, ನನ್ನ ಗಾತ್ರಕ್ಕೆ ಎರಡು ಬೇಕು.

ಏನಸ್ ಹುಟ್ಟಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದವಳು ನಾನು. ನಿನ್ನನ್ನು ತಳ್ಳುವ ಮಂಚದ ಮೇಲೆ ಮಲಗಿಸಿ ಒಳಗೆ ಓಡಿಸಿಕೊಂಡು ಹೋದರು. ಆಮೇಲೆ ಗಾಯ ಕೀವು ಕಟ್ಟಿ ನೀನು ನಿನ್ನ ಮಗುವನ್ನೇ ಎತ್ತಿಕೊಳ್ಳಲಾರದೆ ಅಳುತ್ತಿದ್ದೆ. ನಿನಗೆ ಅದು ಮರೆತಿರಬಹುದು. ದಿನ ಗೊತ್ತು ಮಾಡಿಸಿಕೊಂಡು, ತಲೆ ಬಾಚಿಕೊಂಡು, ನಡೆದುಕೊಂಡು ಒಳಗೆ ಹೋಗು ಅನ್ನುವುದು ಅದಕ್ಕೇ. ನನ್ನ ಮಾತು ಕಿವಿಗೆ ಹಾಕಿಕೋ.

ಅಮ್ಮ


ಪ್ಲಮ್ ಹಾಲೋ
ಜೂನ್ 14

ಪ್ರೀತಿಯ ಅಮ್ಮ,

ನಿನ್ನ ಪತ್ರಕ್ಕೆ ತಡವಾಗಿ ಬರೆಯುತ್ತಿದ್ದೇನೆ. ಬರೆದು ಬರೆದು ನಾಲ್ಕು ಸಲ ಒಲೆಗೆ ಹಾಕಿದೆ. ನನಗೇನೂ ಮರೆತಿಲ್ಲ. ಎತ್ತಿಕೊಳ್ಳಲಾರದೆ ಅತ್ತದ್ದು ನೆನಪಿರುವುದರಿಂದಲೇ ಈ ಹಟ.

ಅತ್ತೆಗೂ ಹೇಳಿದೆ. ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರು. ನಾದುವುದನ್ನು ಇನ್ನೂ ಜೋರು ಮಾಡಿದರು. ಆ ದಿನದ ಬ್ರೆಡ್ಡು ಎಷ್ಟು ಮೇಲೆದ್ದಿತು ಅಂದರೆ ಒಲೆಯ ಬಾಗಿಲು ಹಾಕಲಾಗಲಿಲ್ಲ. ಅವರಿಗೆ ಸಿಟ್ಟು ಅಂತಲೇ ನನಗನಿಸಿತು. ಆದರೆ ಅಂದಿನಿಂದ, ಹೆರಿಗೆ ಸಲೀಸಾಗಲಿ ಅಂತ ಕೊಡುತ್ತಾರಲ್ಲ, ಆ ರಾಸ್ಬೆರಿ ಎಲೆಯ ಕಷಾಯವನ್ನು ಒಂದು ಲೋಟ ನನ್ನ ಮುಂದೆ ಇಟ್ಟು, ನಾನು ಕುಡಿಯುವವರೆಗೆ ಎದುರಿಗೆ ನಿಂತಿರುತ್ತಾರೆ. ಒಂದು ಮಾತಿಲ್ಲ.

ಡಾಕ್ಟರಮ್ಮನ ಜೊತೆ ಒಪ್ಪಂದ ಆಗಿದೆ. ನೋವು ತಾನಾಗಿ ಬಂದರೆ ನನ್ನಿಷ್ಟದ ಹಾಗೆ. ಸೆಪ್ಟೆಂಬರ್ 15ರವರೆಗೂ ಬರದಿದ್ದರೆ ಆ ಬೆಳಿಗ್ಗೆ ಆಪರೇಷನ್, ಚೌಕಾಸಿ ಇಲ್ಲ. ಅರ್ಧ ನಿನ್ನ ಮಾತು ನಡೆಯಿತು, ಅರ್ಧ ನನ್ನದು. ಇನ್ನಾದರೂ "ಪ್ರೀತಿಯ ಸಲೂ" ಅಂತ ಶುರು ಮಾಡು.

ನಿನ್ನ ಮಗಳು,
ಸಲೋಮ


ವಾಲ್ನಟ್ ರಿಜ್
ಜುಲೈ 20

ಪ್ರೀತಿಯ ಸಲೂ,

ನಿಮ್ಮಪ್ಪ ಕೊಟ್ಟಿಗೆಯ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಗಾಬರಿ ಬೀಳಬೇಡ, ಹಸುವಿನ ಮೇಲೆ ಬಿದ್ದದ್ದರಿಂದ ತಲೆ ಉಳಿಯಿತು. ಹಸುವೂ ಚೆನ್ನಾಗಿದೆ, ಆದರೆ ಅವರನ್ನು ಕಂಡರೆ ದೂರ ಸರಿಯುತ್ತದೆ. ಅರವತ್ತೆಂಟು ವರ್ಷದ ಮನುಷ್ಯ ಅಟ್ಟಕ್ಕೆ ಯಾಕೆ ಹತ್ತಿದರು ಅಂತ ಕೇಳಿದರೆ, "ಹುಲ್ಲು ಕೆಳಗೆ ತಾನಾಗಿ ಬರುತ್ತಾ?" ಅನ್ನುತ್ತಾರೆ.

ಈಗ ಅವರನ್ನು ಕೂರಿಸುವುದು, ಏಳಿಸುವುದು, ಬೈಯುವುದು ಎಲ್ಲ ನನ್ನ ಪಾಲಿಗೆ. ಅಕ್ಟೋಬರ್ ಕಳೆಯುವವರೆಗೆ ನಾನು ಇಲ್ಲಿಂದ ಅಲ್ಲಾಡುವ ಹಾಗಿಲ್ಲ. ಈ ಸಾಲು ಬರೆಯಲು ನನಗೆ ಎರಡು ದಿನ ಬೇಕಾಯಿತು.

ಹೆರಿಗೆಗೆ ನಾನಿರುವುದಿಲ್ಲ ಅಂತ ಆ ಪೆರಿಗೆ ಹೇಳು. ಅವನು ಬಾಯಿ ಬಿಟ್ಟು ನಾಲ್ಕು ಮಾತಾಡುವುದನ್ನು ಈಗಿನಿಂದಲೇ ಅಭ್ಯಾಸ ಮಾಡಲಿ. ಬೀಟ್‌ರೂಟ್ ಪಾರ್ಸೆಲ್ ಕಳಿಸುತ್ತೇನೆ.

ಅಮ್ಮ


ಪ್ಲಮ್ ಹಾಲೋ
ಸೆಪ್ಟೆಂಬರ್ 9

ಪ್ರೀತಿಯ ಅಮ್ಮ,

ಬೀಟ್‌ರೂಟ್ ಬಾಟಲಿ ಮೂರು ಬಂತು. ನಾಲ್ಕನೆಯದು ಒಡೆದು ಉಳಿದ ಮೂರರ ಮೇಲೆ ಬಂತು.

ಮಗು ತಲೆ ಕೆಳಗೆ ಮಾಡಿ ಸರಿಯಾಗಿ ಕೂತಿದೆ, ಆದರೆ ಹೊರಡುವ ಲಕ್ಷಣ ಇಲ್ಲ. ಹೇಳಿದ ದಿನ ದಾಟಿ ಹೋಯಿತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಒಂದೊಂದು ಉಪಾಯ ಹೇಳಿ ಹೋಗುತ್ತಿದ್ದಾರೆ. ಒಬ್ಬರು ಮಂಡಿ ಊರಿ ನೆಲ ಒರೆಸು ಅಂದರು, ಮನೆ ಪೂರ್ತಿ ಒರೆಸಿದೆ. ಇನ್ನೊಬ್ಬರು ಹರಳೆಣ್ಣೆ ಅಂದರು. ಅದನ್ನು ಡಾಕ್ಟರಮ್ಮ ಬೇಡ ಅಂದಿದ್ದರಿಂದ ಬಾಟಲಿಯನ್ನು ಕಪಾಟಿನಲ್ಲಿಟ್ಟೆ, ಏನಸ್ ಹುಡುಕಿ ತೆಗೆದ, ಮುಂದಿನದನ್ನು ನೀನೇ ಊಹಿಸಿಕೋ. ನಿನ್ನೆ ಪೆರಿ ನನ್ನನ್ನು ತೆರೆದ ಗಾಡಿಯಲ್ಲಿ ಕೂರಿಸಿ ಗುಂಡಿ ಬಿದ್ದ ದಾರಿಯಲ್ಲಿ ಓಡಿಸಲು ನೋಡಿದ. ಕುದುರೆ ಒಮ್ಮೆ ತಿರುಗಿ ನನ್ನ ಹೊಟ್ಟೆ ನೋಡಿತು, ಆಮೇಲೆ ಹೆಜ್ಜೆ ಇಡಲಿಲ್ಲ.

ನನಗೆ ನಗು ಬರುತ್ತಿಲ್ಲ, ಬರೆಯುವಾಗ ಮಾತ್ರ ಹೀಗೆ ಬರೆಯುತ್ತೇನೆ. ಹದಿನೈದರ ಗುರುವಾರ ಹತ್ತಿರ ಬಂತು. ಅಂದು ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಗ್ಲೆನ್ ಆರು ಗಂಟೆಗೆ ಬರುತ್ತಾನೆ. ಹಾಗೇ ಆಗಲಿ, ನೀನು ಹೇಳಿದ ಹಾಗೆ ತಲೆ ಬಾಚಿಕೊಂಡು ನಡೆದುಕೊಂಡು ಹೋಗುತ್ತೇನೆ. ಆದರೆ ನಿನ್ನೆ ಸಂಜೆ ಮೇಜು ಒರೆಸುವಾಗ ಆ ತುದಿಯವರೆಗೂ ಒರೆಸಲಾಗಲಿಲ್ಲ. ಅರ್ಧಕ್ಕೇ ಬಿಟ್ಟೆ.

ನನಗಾಗಿ ಪ್ರಾರ್ಥಿಸು. ಏನನ್ನು ಅಂತ ನಿನಗೆ ಬಿಟ್ಟಿದ್ದು.

ಸಲೋಮ


ವಾಲ್ನಟ್ ರಿಜ್
ಸೆಪ್ಟೆಂಬರ್ 13

ಪ್ರೀತಿಯ ಸಲೂ,

ನಿನ್ನ ಪತ್ರ ಮಧ್ಯಾಹ್ನ ಬಂತು. ಇದು ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಆದರೂ ಬರೆಯುತ್ತೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ.

ಓದಿದ ಕೂಡಲೇ ಹೊಲದಾಚೆಯ ಫೋನಿನ ಗೂಡಿಗೆ ನಡೆದೆ. ನಿಮ್ಮ ಗ್ಲೆನ್‌ಗೆ ಫೋನ್ ಮಾಡಿ ಎಲ್ಲ ವಿವರವಾಗಿ ಹೇಳಿದ್ದೇನೆ. ಅವನು ಎತ್ತಲಿಲ್ಲ, ಸಂದೇಶ ಹಿಡಿದಿಡುವ ಯಂತ್ರಕ್ಕೇ ಹೇಳಿದೆ. ಪೆರಿ ಹೇಳಿರುತ್ತಾನೆ ಅಂತ ನೀನು ನಂಬಬಹುದು. ನನಗೆ ನಂಬಿಕೆಯಿಲ್ಲ. ನಾನಲ್ಲಿ ಇಲ್ಲದಿದ್ದರೂ ಇದೊಂದನ್ನಾದರೂ ಸರಿಯಾಗಿ ನೋಡಿಕೊಂಡೆ ಅನ್ನುವ ಸಮಾಧಾನ.

ಮೇಜನ್ನು ಪೂರ್ತಿ ಒರೆಸು. ಧೂಳು ಕೂತರೆ ಮರ ಹಾಳಾಗುತ್ತದೆ.

ಅಮ್ಮ


(ಅಂಚೆ ಕಾರ್ಡ್)

ಸೆಪ್ಟೆಂಬರ್ 16

ಅತ್ತೆಯವರಿಗೆ,

ಹೆಣ್ಣು. ತೂಕ ಚೆನ್ನಾಗಿದೆ. ಸಲೋಮ ಕ್ಷೇಮ. ಕರಿ ಹಸುವೂ ಈದಿತು. ಕರುವಿನ ಒಂದು ಕಾಲು ಮೊದಲು ಬಂದು ಸಿಕ್ಕಿಕೊಂಡಿತ್ತು, ತಿರುಗಿಸಿ ಎಳೆದೆವು, ಕತ್ತಲಾಗುವಷ್ಟರಲ್ಲಿ ಎದ್ದು ನಿಂತಿತು. ಮಾವನವರ ಕಾಲು ಹೇಗಿದೆ?

ಪೆರಿ


ವಾಲ್ನಟ್ ರಿಜ್
ಸೆಪ್ಟೆಂಬರ್ 20

ಪ್ರೀತಿಯ ಸಲೂ,

ದೇವರು ದೊಡ್ಡವನು. ಹೆಣ್ಣು! ಕಾರ್ಡನ್ನು ಹಿಡಿದುಕೊಂಡು ನಾನು ಹಿತ್ತಿಲಿಗೆ ಹೋಗಿ ಟೊಮೇಟೊ ಗಿಡಗಳ ನಡುವೆ ನಿಂತು ಅತ್ತೆ. ನಿಮ್ಮಪ್ಪ ಒಳಗಿನಿಂದ "ಯಾರು ಹೋದ್ರು?" ಅಂತ ಕೂಗಿದರು.

ಆದರೆ ನಿನ್ನ ಗಂಡನಿಗೆ ಏನನ್ನಬೇಕು? ಕರು ಹೇಗೆ ಹುಟ್ಟಿತು, ಯಾವ ಕಾಲು ಮೊದಲು ಬಂತು, ಯಾವಾಗ ಎದ್ದು ನಿಂತಿತು ಅಂತೆಲ್ಲ ಬರೆದಿದ್ದಾನೆ. ನನ್ನ ಮಗಳ ಮಗು ಹೇಗೆ ಹುಟ್ಟಿತು ಅಂತ ಒಂದಕ್ಷರ ಇಲ್ಲ! ಕೊಯ್ದರೋ, ಕೊಯ್ಯಲಿಲ್ಲವೋ? ಇಲ್ಲಿ ಕೇಳಿದವರಿಗೆಲ್ಲ ನಾನು ಕರುವಿನ ಕಥೆ ಹೇಳುತ್ತಾ ಕೂತಿದ್ದೇನೆ. ಒಂದು ಫೋನ್ ಮಾಡಿ ನಮ್ಮ ಯಂತ್ರಕ್ಕೆ ಹೇಳಬಾರದಿತ್ತೇ ಅವನು?

ಕೈಗೆ ಬಲ ಬಂದ ಕೂಡಲೇ ಬರೆ. ಒಂದೇ ಸಾಲಾದರೂ ಸಾಕು.

ಅಮ್ಮ


ಪ್ಲಮ್ ಹಾಲೋ
ಸೆಪ್ಟೆಂಬರ್ 24

ಪ್ರೀತಿಯ ಅಮ್ಮ,

ಕೊಯ್ಯಲಿಲ್ಲ.

ನೀನು ಕೇಳಿದ ಒಂದು ಸಾಲು ಅದು. ಇನ್ನು ಮಿಕ್ಕದ್ದು. ಪೆರಿಗೆ ಫೋನ್ ವಿಷಯ ಕೇಳಿದೆ, "ಯಂತ್ರದ ಹತ್ರ ಏನ್ ಮಾತಾಡೋದು, ಅದು ತಿರುಗಿ ಏನೂ ಕೇಳಲ್ಲ" ಅಂದ. ಯಾರಾದರೂ ಕೇಳಿದರೂ ಅವನು ಹೇಳುವುದು ಅಷ್ಟೇ.

ಗುರುವಾರ ನಸುಕಿಗೇ ಎದ್ದು, ತಲೆ ಬಾಚಿ, ಹೊಸ ಟೋಪಿ ಹಾಕಿಕೊಂಡು, ಏನಸ್‌ನನ್ನು ಪಕ್ಕದ ಮನೆಗೆ ಬಿಟ್ಟು ನಾವು ಮೂವರೂ ಬಾಗಿಲಲ್ಲಿ ಬಂದು ಕೂತೆವು. ನಮ್ಮ ಗಡಿಯಾರದಲ್ಲಿ ಐದು, ಪೇಟೆಯಲ್ಲಿ ಆರು. ಗ್ಲೆನ್ ಇಲ್ಲ. ಅವನು ಎಂದೂ ತಡ ಮಾಡಿದವನಲ್ಲ. ಪೆರಿ ಫೋನಿನ ಗೂಡಿಗೆ ಓಡಿ ಹೋಗಿ ಬಂದ. "ಎತ್ತಲಿಲ್ಲ" ಅಂದ. ಮತ್ತೆ ಓಡಿದ, ಮತ್ತೆ ಬಂದ.

ಹಿಂದಿನ ಸಂಜೆಯಿಂದ ಸೊಂಟ ಹಿಡಿದ ಹಾಗಿತ್ತು, ಅದು ಹೆದರಿಕೆಯದ್ದು ಅಂದುಕೊಂಡಿದ್ದೆ. ಕೂರಲಾಗದೆ ಎದ್ದೆ. ಅತ್ತೆ, "ಸುಮ್ನೆ ನಿಂತು ಏನ್ಮಾಡ್ತೀಯ, ಬಾ, ಕಾರು ಬರುತ್ತಾ ನೋಡೋಣ" ಅಂತ ನನ್ನ ತೋಳು ಹಿಡಿದುಕೊಂಡರು. ಮನೆಯಿಂದ ದೊಡ್ಡ ರಸ್ತೆಗೆ, ರಸ್ತೆಯಿಂದ ಮನೆಗೆ ನಡೆದೇ ನಡೆದೆವು. ಜೋಳದ ಹೊಲದ ಹತ್ತಿರ ಅತ್ತೆ ಇದ್ದಕ್ಕಿದ್ದ ಹಾಗೆ ಮಾತಾಡಿದರು.

"ಪೆರಿ ಆದ್ಮೇಲೆ ನನಗೆ ಗರ್ಭಚೀಲ ತೆಗೆದ್ರು. ಇಪ್ಪತ್ತಾರು ವರ್ಷ ನನಗೆ ಆಗ. ನಮ್ಮ ಮೇಜೂ ದೊಡ್ಡದೇ ಇತ್ತು ಸಲೋಮ. ಆಮೇಲೆ ನಿಮ್ಮ ಮಾವ ಅದನ್ನ ಗರಗಸ ತಗೊಂಡು ಚಿಕ್ಕದು ಮಾಡಿದ್ರು. ನಾನು ಹೇಳಿರ್ಲಿಲ್ಲ, ಅವರೇ ಮಾಡಿದ್ರು. ನಾನು ನೋಡಬಾರದು ಅಂತ ನಾನು ಅಂಗಡಿಗೆ ಹೋದಾಗ ಮಾಡಿದ್ರು."

ಇದು ನನಗೆ ಗೊತ್ತೇ ಇರಲಿಲ್ಲ ಅಮ್ಮ. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ನಾನು ಅಲ್ಲೇ ಬೇಲಿ ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತದ್ದು ದುಃಖಕ್ಕೋ ನೋವಿಗೋ ಗೊತ್ತಾಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ನಿಜವಾದ ನೋವು ಶುರುವಾಗಿತ್ತು. ಅತ್ತೆ ನನ್ನ ಮುಖ ನೋಡಿ, "ಇದು ಸೊಂಟದ ಉಳುಕಲ್ಲ" ಅಂದರು.

ಗ್ಲೆನ್ ಒಂದು ಗಂಟೆ ತಡವಾಗಿ, ಹಾಡು ಗುನುಗುತ್ತಾ ಬಂದಿಳಿದ. ಸರಿಯಾದ ಹೊತ್ತಿಗೇ ಬಂದೆ ಅನ್ನುವ ಧೈರ್ಯ ಅವನ ಮುಖದಲ್ಲಿತ್ತು. ಬೇಲಿ ಹಿಡಿದುಕೊಂಡ ನನ್ನನ್ನು ನೋಡಿದ ಮೇಲೆ ಹಾಡು ನಿಂತಿತು. ದಾರಿಯುದ್ದಕ್ಕೂ ನೀನು ಕಲಿಸಿದ ಬ್ರೇಕನ್ನು ಅವನು ಒಂದು ಸಲವೂ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್, "ಏಳಕ್ಕೆ ಬರಬೇಕಿತ್ತು. ಈಗ ಎಂಟು" ಅಂದಳು. ಅತ್ತೆ, "ನಮ್ಮಲ್ಲಿ ಏಳೇ" ಅಂದರು. ಆ ನರ್ಸ್ ಗೋಡೆ ನೋಡಿದಳು, ಅತ್ತೆಯನ್ನು ನೋಡಿದಳು, ವಾದಕ್ಕೆ ಬರಲಿಲ್ಲ. ನನ್ನ ಸರದಿಯ ಆಪರೇಷನ್ ಕೋಣೆಯನ್ನು ತುರ್ತಾಗಿ ಬಂದ ಇನ್ನೊಬ್ಬಳಿಗೆ ಕೊಟ್ಟಾಗಿತ್ತು. ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿ ಹುಬ್ಬೇರಿಸಿದರು. "ಸಲೋಮ, ನೀನು ಆಗಲೇ ಅರ್ಧ ದಾರಿ ಬಂದಿದೀಯ. ತಾನಾಗಿ ಬಂದ್ರೆ ನಿನ್ನಿಷ್ಟ ಅಂದಿದ್ದೆ. ಬಂದಿದೆ. ಒಂದು ಗಂಟೆ ಮೊದಲು ಬಂದಿದ್ರೆ ಇಷ್ಟು ಹೊತ್ತಿಗೆ ಒಳಗೆ ಕರ್ಕೊಂಡು ಹೋಗ್ಬಿಟ್ಟಿರ್ತಿದ್ದೆ. ಸೊಂಟ ನೋವು ಅಂತ ನೀನೂ ಬಾಯಿ ಬಿಡ್ತಿರಲಿಲ್ಲ."

ಸುಲಭವಾಗಿತ್ತು ಅಂತ ಹೇಳಲಾರೆ. ನಡುವೆ ಒಮ್ಮೆ ಮಗುವಿನ ಎದೆಬಡಿತ ಇಳಿಯಿತು. ಡಾಕ್ಟರಮ್ಮ ನನ್ನ ಹಳೆ ಹೊಲಿಗೆಯ ಮೇಲೆ ಕೈಯಿಟ್ಟು ಪರದೆಯನ್ನೇ ನೋಡುತ್ತಾ, "ಎಡಕ್ಕೆ ತಿರುಗು. ಇದು ಮೇಲೆ ಬರದಿದ್ರೆ ಆಪರೇಷನ್‌ಗೆ ಹೋಗಲೇಬೇಕು, ಗೊತ್ತಲ್ಲ?" ಅಂದರು. ನನಗೆ ಆಗ ಮೇಜೂ ಬೇಡ ಕುರ್ಚಿಯೂ ಬೇಡ ಅನಿಸಿತು. ಕೊಯ್ಯಿರಿ, ಏನಾದರೂ ಮಾಡಿ, ಮಗು ಉಳಿಯಲಿ ಅಂದೆ. ಆ ಕಾರಿಡಾರಿನಲ್ಲಿ ನಿಂತಿದ್ದ ನಿನ್ನ ಭಯ ನನಗೆ ಆವತ್ತು ಅರ್ಥವಾಯಿತು ಅಮ್ಮ. ಎಡಕ್ಕೆ ತಿರುಗಿದೆ. ಬಡಿತ ಮೇಲೆ ಬಂತು. ಆಮೇಲೆ ಇಳಿಯಲಿಲ್ಲ.

ಕೊನೆಗೆ ನಾನು ಹಲ್ಲು ಕಚ್ಚಿಕೊಂಡಿದ್ದಾಗ ಅತ್ತೆ ಕಿವಿಯ ಹತ್ತಿರ ಬಂದು, "ಕೂಗ್ಕೋ ತಾಯಿ, ಇಲ್ಲಿ ನಮ್ಮ ಮನೆಯ ಜರ್ಮನ್ ಭಾಷೆ ಬರೋರು ಯಾರೂ ಇಲ್ಲ" ಅಂದರು. ಕೂಗಿದೆ. ನಿನ್ನನ್ನೇ ಕೂಗಿದ್ದು. ಜೊತೆಗೆ ಪೆರಿಯನ್ನು ಬೈದೆ, ಅವನಿಗೆ ಭಾಷೆ ಬರುತ್ತದೆ ಅನ್ನುವುದು ಮರೆತಿತ್ತು.

ಮಧ್ಯಾಹ್ನ ಆಯಿತು. ಎದೆಯ ಮೇಲೆ ಹಾಕಿದರು, ನಾನೇ ಎತ್ತಿಕೊಂಡೆ. ಮರುದಿನ ಎದ್ದು ನಡೆದೆ, ಎತ್ತಿಕೊಂಡೇ ನಡೆದೆ. ಮಲಿಂಡಾ ಅಂತ ಹೆಸರಿಟ್ಟಿದ್ದೇವೆ. ಇಬ್ಬರು ಅಜ್ಜಿಯರಲ್ಲಿ ಒಬ್ಬರ ಹೆಸರಿಟ್ಟರೆ ಇನ್ನೊಬ್ಬರು ಊಟ ಬಿಡುತ್ತೀರಿ.

ನಿನ್ನ ಮಗಳು,
ಸಲೋಮ


ವಾಲ್ನಟ್ ರಿಜ್
ಸೆಪ್ಟೆಂಬರ್ 29

ಪ್ರೀತಿಯ ಸಲೂ,

ನಿನ್ನ ಪತ್ರ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಸೇಬಿನ ಮುರಬ್ಬ ತಳ ಹಿಡಿಯಿತು. ಹಿಡಿಯಲಿ. ಎಡಕ್ಕೆ ತಿರುಗಿದೆ ಅನ್ನುವ ಸಾಲಿನಲ್ಲಿ ಜೀವ ಬಾಯಿಗೆ ಬಂತು. ನಾನೂ ಕುರ್ಚಿಯಲ್ಲಿ ಎಡಕ್ಕೆ ತಿರುಗಿದೆನಂತೆ, ನಿಮ್ಮಪ್ಪ ಹೇಳಿದರು.

ವಿಲ್ಮಾ ಅವರ ಮೇಜಿನ ವಿಷಯ ನನಗೆ ಗೊತ್ತಿರಲಿಲ್ಲ. ಅವರ ಬ್ರೆಡ್ಡಿನ ಬಗ್ಗೆ ಈ ನಾಲ್ಕು ವರ್ಷ ನಾನು ಆಡಿಕೊಂಡು ಬರೆದದ್ದನ್ನೆಲ್ಲ ಒಲೆಗೆ ಹಾಕು.

ಆದರೂ ಒಂದು ಮಾತು ಕೇಳದೆ ಬಿಡಲಾರೆ. ಗ್ಲೆನ್‌ಗೆ ಒಂದು ಗಂಟೆ ತಡವಾಗಿ ಬಾ ಅಂದ ಮಹಾನುಭಾವರು ಯಾರು? ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ? ಮೇಜಿನ ವಿಷಯಕ್ಕೆ ನನಗೆ ಮರುಕ ಇದೆ, ಆದರೆ ಇದು ನಿಮ್ಮ ಅತ್ತೆಯ ಆ ಹಾಳು ಗಡಿಯಾರದ ಕೆಲಸ ಅಂತ ನನಗೆ ನೂರಕ್ಕೆ ನೂರು ಖಾತ್ರಿ. ಬೀಗಿತ್ತಿಯೇ ಇರಲಿ, ಬಿಷಪ್ಪೇ ಇರಲಿ, ನಾನು ಬಂದಾಗ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ. ಹೆಸರು ಬರೆದು ಕಳಿಸು.

ಅಮ್ಮ


ಪ್ಲಮ್ ಹಾಲೋ
ಅಕ್ಟೋಬರ್ 4

ಪ್ರೀತಿಯ ಅಮ್ಮ,

ಹೆಸರು ಬರೆಯುವ ಮೊದಲು ನಡೆದದ್ದು ಹೇಳುತ್ತೇನೆ.

ಮೊನ್ನೆ ಗ್ಲೆನ್ ಮಗುವನ್ನು ನೋಡಲು ಬಂದಿದ್ದ. ಅತ್ತೆ ಅವನ ಮುಂದೆ ಒಂದು ತುಂಡು ಹಣ್ಣಿನ ಪೈ ಇಟ್ಟು, ಚಮಚ ಕೊಡದೆ, ಆ ದಿನ ಯಾಕೆ ತಡವಾಯಿತು ಅಂತ ಕೇಳಿದರು. "ಪೆರಿ ಫೋನ್ ಮಾಡಿ 'ಗುರುವಾರ, ಆರು' ಅಂದ. ನಿಧಾನದ್ದಾ, ಅವಸರದ್ದಾ ಅಂತ ಕೇಳೋಷ್ಟರಲ್ಲಿ ಇಟ್ಟುಬಿಟ್ಟ. ನಾನು ಅವಸರದ್ದೇ ಇರ್ಬೇಕು ಅಂದ್ಕೊಂಡಿದ್ದೆ. ಆಮೇಲೆ ಈ ಸಂದೇಶ ಬಂತು. ಅಳಿಸಿಲ್ಲ, ನೀವೇ ಕೇಳಿ" ಅಂದ. ನಾವೆಲ್ಲ, ಮಗುವನ್ನೂ ಎತ್ತಿಕೊಂಡು, ಅವನ ಮನೆಗೆ ಹೋಗಿ ಆ ಯಂತ್ರದ ಸುತ್ತ ನಿಂತೆವು. ಅದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಗ್ಲೆನ್, ಗ್ಲೆನ್! ನಾನು ಸಲೋಮನ ತಾಯಿ, ಓಹಾಯೋದಿಂದ. ಇದು ಕೇಳಿಸ್ತಾ ಇದೆಯಾ? ಗುರುವಾರ ಆರು ಗಂಟೆಗೆ ನನ್ನ ಮಗಳನ್ನ ಕರ್ಕೊಂಡು ಹೋಗ್ಬೇಕು ನೀನು. ಅದು ಅವರ ಗಡಿಯಾರದ ಆರು ಕಣಪ್ಪಾ. ಅವಳು ಹಾಗೇ ಬರೆದಿದಾಳೆ. ಆ ಊರಲ್ಲಿ ಎಲ್ಲ ನಿಧಾನ. ನಿನ್ನ ಗಡಿಯಾರದ ಆರಕ್ಕೆ ಹೋಗಿ ಹಾರ್ನ್ ಹೊಡೆದ್ರೆ ಅವರಿನ್ನೂ ಹಾಲು ಕರೀತಾ ಇರ್ತಾರೆ, ಪಾಪ ಅವಳಿಗೆ ಗಾಬರಿ ಆಗುತ್ತೆ. ಏಳಕ್ಕೆ ಹೋಗು. ಏಳಕ್ಕೆ! ಒಂದು ನಿಮಿಷ ತಡ ಮಾಡಿದ್ರೆ ನನ್ನ ಕೈಲಿ ಸಿಕ್ಕಿಹಾಕ್ಕೋತೀಯ!"

ಪೆರಿ ನಕ್ಕ. ಅವನು ಸದ್ದು ಮಾಡಿ ನಕ್ಕಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ಕೇಳಿದೆ. ಅತ್ತೆ ಗೋಡೆಗೆ ಒರಗಿಕೊಂಡು, ಏಪ್ರನ್‌ನಿಂದ ಕಣ್ಣು ಒರೆಸಿಕೊಳ್ಳುತ್ತಾ, "ಇನ್ನೊಂದ್ಸಲ ಹಾಕು" ಅಂದರು. ಗ್ಲೆನ್ ಇನ್ನೊಂದು ಸಲ ಹಾಕಿದ. ಆಮೇಲೆ ಅವನಿಗೆ ಚಮಚ ಸಿಕ್ಕಿತು.

ಅತ್ತೆ ಹೇಳಿ ಕಳಿಸಿದ ಮಾತಿದು: "ನಿಮ್ಮಮ್ಮನಿಗೆ ಬರಿ. ನನ್ನ ಗಡಿಯಾರಕ್ಕೆ ಬೈಯೋದು ಬೇಡ ಅಂತ. ಆ ಒಂದು ಗಂಟೆ ಓಹಾಯೋದಿಂದ ಬಂದಿದ್ದು."

ನಿನ್ನ ಮಗಳು,
ಸಲೋಮ


ವಾಲ್ನಟ್ ರಿಜ್
ಅಕ್ಟೋಬರ್ 10

ಪ್ರೀತಿಯ ಸಲೂ,

ಇಲ್ಲಿ ಎಲ್ಲರೂ ಕ್ಷೇಮ. ಕೊನೆಯ ಟೊಮೇಟೊ ಮೂವತ್ತು ಬಾಟಲಿ ಆಯಿತು. ನಿಮ್ಮಪ್ಪ ಊರುಗೋಲು ಹಿಡಿದು ಕೊಟ್ಟಿಗೆಯವರೆಗೆ ನಡೆಯುತ್ತಾರೆ. ನಿನ್ನೆ ಆ ಹಸು ಅವರಿಗೆ ಮೈ ಮುಟ್ಟಲು ಬಿಟ್ಟಿತು.

ಫೋನಿನ ಯಂತ್ರಗಳು ಹಾಳು ವಸ್ತು. ಅದನ್ನು ಮನೆಯೊಳಗೆ ತರಬೇಡಿ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆ ವಿಷಯದಲ್ಲಿ ನನಗೆ ಹೇಳಲು ಇರುವುದು ಇಷ್ಟೇ. ನಿಮ್ಮಪ್ಪನಿಗೆ ಮಾತ್ರ ಬಹಳ ಇದೆ. ನಿನ್ನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದಾರೆ, ಬಂದ ನೆಂಟರಿಗೆಲ್ಲ ಓದಿ ತೋರಿಸುತ್ತಾರೆ, "ಏಳಕ್ಕೆ!" ಅನ್ನುವಲ್ಲಿ ನನ್ನ ಧ್ವನಿಯಲ್ಲೇ ಕಿರುಚುತ್ತಾರೆ.

ನಾನು ಹೆದರಿದ್ದೆ ಸಲೂ. ಬೈದದ್ದೆಲ್ಲ ಅದಕ್ಕೇ. ಗುರುವಾರ ಬೆಳಿಗ್ಗೆ ನಾನು ಮಂಡಿಯೂರಿದಾಗ ಕೊಯ್ಯಲಿ ಅಂತಲೂ ಕೇಳಲಿಲ್ಲ, ಕೊಯ್ಯದಿರಲಿ ಅಂತಲೂ ಕೇಳಲಿಲ್ಲ. ಅವಳಿಗೆ ಸ್ವಲ್ಪ ಸಮಯ ಕೊಡು ತಂದೆ ಅಂದೆ. ಇದನ್ನು ನಿಮ್ಮಪ್ಪನಿಗೆ ಹೇಳಿಲ್ಲ, ಇದನ್ನೂ ನೆಂಟರಿಗೆ ಓದಿ ಹೇಳುತ್ತಾರೆ.

ನವೆಂಬರ್‌ನಲ್ಲಿ ಬರುತ್ತೇನೆ. ನಮ್ಮ ಗಡಿಯಾರವೂ ನಿಮ್ಮದೂ ಒಂದಾದ ಮೇಲೆಯೇ ಬಸ್ಸು ಹತ್ತುತ್ತೇನೆ. ವಿಲ್ಮಾ ಅವರಿಗೆ ನಾನು ನಮಸ್ಕಾರ ತಿಳಿಸಿದೆ ಅಂತ ಹೇಳು. ಅವರ ಪಕ್ಕದ ಕುರ್ಚಿ ನನಗಿರಲಿ, ಈ ಸಲ ಒಂದೇ ಸಾಕು. ಉಳಿದ ಕುರ್ಚಿಗಳು ಇನ್ನು ಬರುವವರಿಗೆ ಬೇಕು.

ಪೆರಿಗೂ ಒಂದು ಮಾತು ಹೇಳಿಡು. ಮುಂದಿನ ಸಲವೂ ಗ್ಲೆನ್‌ಗೆ ಫೋನ್ ಮಾಡುವುದು ನಾನೇ.

ನಿನ್ನ ಅಮ್ಮ,
ಓರ್ಫಾ